ಆರ್ಕಿಡ್ ಕುಂಡದ ಮಣ್ಣು: ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಒಂದು ತೋಟಗಾರಿಕೆಯ ಪ್ರಶ್ನೆ

ಆರ್ಕಿಡ್ ಗಿಡವನ್ನು ಹೊಸ ಕುಂಡಕ್ಕೆ ಬದಲಾಯಿಸುವಾಗ ಅದರಲ್ಲಿ ಏನನ್ನು ತುಂಬಬೇಕೆಂಬುದು ತೋಟಗಾರನ ಚಿಂತೆಯೇ ಹೊರತು ಇತಿಹಾಸಕಾರನದಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಗಾಜಿನ ಮನೆಗಳಲ್ಲಿ ಈ ಪ್ರಶ್ನೆಗೆ ದೊರೆತ ತಪ್ಪು ಉತ್ತರಕ್ಕಾಗಿ ಬೆಲೆ ತೆತ್ತವು ದಕ್ಷಿಣ ಅಮೆರಿಕದ ಮತ್ತು ಖಾಸಿ ಬೆಟ್ಟಗಳ ಕಾಡುಗಳು. ಈ ಸಂಬಂಧವನ್ನೇ ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಉಷ್ಣವಲಯದ ಆರ್ಕಿಡ್‌ಗಳಲ್ಲಿ ಹೆಚ್ಚಿನವು ಮರದ ತೊಗಟೆಯನ್ನು ಅಪ್ಪಿಕೊಂಡು ಬೆಳೆಯುತ್ತವೆ. ಮರದ ರಸವನ್ನು ಹೀರುವುದಿಲ್ಲ. ಬೇರಿನ ಸುತ್ತ ಇರುವ ಬಿಳಿಯ ಸ್ಪಂಜಿನಂತಹ ಹೊದಿಕೆ ಮಳೆಯ ನೀರನ್ನು ಒಡನೆ ಕುಡಿದು, ಗಾಳಿಗೆ ಆರುತ್ತದೆ. ಗಾಳಿಯಾಡದಿದ್ದರೆ ಬೇರು ಕೊಳೆಯುತ್ತದೆ. ಮಾವು ಹಲಸುಗಳ ಕೊಂಬೆಯಲ್ಲಿ ಸೀತಾಳೆ ದಂಡೆಯನ್ನು ಕಂಡಿರುವ ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಕಾಲದ ಇಂಗ್ಲಿಷ್ ತೋಟಗಾರನಾದರೋ ಇವನ್ನು ಬಂದಳಿಕೆಯ ಜಾತಿಗೆ ಸೇರಿಸಿದ್ದನು. ಹಾಗೆಂದು ಹೆಸರಿಟ್ಟು, ನೆಟ್ಟದ್ದು ಮಾತ್ರ ಫಲವತ್ತಾದ ಮಣ್ಣಿನಲ್ಲಿ! ಕುಂಡವನ್ನು ಕೊಳೆಯುವ ತೊಗಟೆಪುಡಿಯ ಬಿಸಿಗುಂಡಿಯಲ್ಲಿ ಹೂತು, ಕಿಟಕಿಗಳನ್ನು ಮುಚ್ಚಿದನು. ಗಿಡಗಳು ಸತ್ತವು, ಸತ್ತವುಗಳ ಸ್ಥಾನಕ್ಕೆ ಹೊಸವನ್ನು ತರಿಸಲಾಯಿತು.

ಇದಕ್ಕೆ ಅಪವಾದಗಳಿಲ್ಲದಿರಲಿಲ್ಲ. 1817ರ ಸುಮಾರಿಗೆ ಸರ್ ಜೋಸೆಫ್ ಬ್ಯಾಂಕ್ಸ್ ಹಗುರವಾದ ಕಡ್ಡಿಯ ಬುಟ್ಟಿಗಳಲ್ಲಿ ಸ್ವಲ್ಪ ಎಲೆಗೊಬ್ಬರವನ್ನೂ ಪಾಚಿಯನ್ನೂ ಇಟ್ಟು ಆರ್ಕಿಡ್‌ಗಳನ್ನು ತೂಗುಹಾಕಿ ಬೆಳೆಸಿದನು. ಬುಟ್ಟಿಯ ಎಲ್ಲ ಕಡೆಯಿಂದಲೂ ಗಾಳಿ ಬೇರನ್ನು ತಲುಪುತ್ತಿದ್ದಿತು. ಈ ಮಾರ್ಗವನ್ನು ಅನುಸರಿಸಿದವರು ವಿರಳ. 1830ರಲ್ಲಿ ಜಾನ್ ಲಿಂಡ್ಲಿಯು ಲಂಡನ್ನಿನ ಹಾರ್ಟಿಕಲ್ಚರಲ್ ಸೊಸೈಟಿಯ ಮುಂದೆ ಈ ಕೃಷಿಯ ವಿಧಾನವನ್ನು ಪ್ರತಿಪಾದಿಸಿದಾಗ ಒತ್ತು ಬಿದ್ದುದು ಅಧಿಕ ಶಾಖ, ನೆರಳು, ತೇವಗಳ ಮೇಲೆ. ಅವನು ಅಪ್ರತಿಮ ಸಸ್ಯಶಾಸ್ತ್ರಜ್ಞ. ಆದರೂ ಬೆಟ್ಟದ ತಂಪಿನಲ್ಲಿ ಬೆಳೆಯುವ ಜಾತಿಗಳಿಗೆ ಈ ಸಲಹೆ ಮಾರಕವಾಯಿತು. ಅವನ ಅಧಿಕಾರವಾಣಿಯೇ ತಪ್ಪಿನ ಆಯುಷ್ಯವನ್ನು ಹೆಚ್ಚಿಸಿತೆಂದು ನಮ್ಮ ಅಭಿಪ್ರಾಯ. ವೆಂಟ್‌ವರ್ತ್‌ನಲ್ಲಿ ಅರ್ಲ್ ಫಿಟ್ಸ್‌ವಿಲಿಯಮನ ತೋಟಗಾರ ಜೋಸೆಫ್ ಕೂಪರ್, ಚಾಟ್ಸ್‌ವರ್ತ್‌ನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್, ಇವರು ಶಾಖವನ್ನು ತಗ್ಗಿಸಿ ಗಾಳಿಯನ್ನು ಒಳಬಿಟ್ಟು ಯಶಸ್ಸನ್ನು ಕಂಡವರು. ಗ್ರಂಥವಲ್ಲ, ಗಿಡವೇ ಇವರಿಗೆ ಪ್ರಮಾಣವಾಗಿದ್ದಿತು.

ಈ ನಡುವೆ ಕಾಡಿನ ಸ್ಥಿತಿ ಏನಾಗಿದ್ದಿತು? ಜೋಸೆಫ್ ಹೂಕರನು 1850ರಲ್ಲಿ ಖಾಸಿ ಬೆಟ್ಟಗಳಲ್ಲಿ ಸಂಚರಿಸಿದಾಗ, ಓಕ್ ಮರಗಳ ಮೇಲೆ ಬಿಸಿಲು ಗಾಳಿಗಳಿಗೆ ತೆರೆದುಕೊಂಡು ಅರಳಿದ್ದ ನೀಲಿ ಹೂವಿನ ವ್ಯಾಂಡಾ ಸೆರುಲಿಯವನ್ನು ನೋಡಿದನು. 1854ರಲ್ಲಿ ಪ್ರಕಟವಾದ ತನ್ನ ಹಿಮಾಲಯ ಪ್ರವಾಸ ಗ್ರಂಥದಲ್ಲಿ ಅವನೇ ತಿಳಿಸುವಂತೆ, ಕ್ಯೂ ಉದ್ಯಾನಕ್ಕಾಗಿ ಏಳು ಆಳುಗಳ ಹೊರೆಯಷ್ಟು ಗಿಡಗಳನ್ನು ಕೀಳಲಾಯಿತು. ಜೀವಂತವಾಗಿ ಇಂಗ್ಲೆಂಡನ್ನು ಮುಟ್ಟಿದವು ಕೆಲವೇ. ಮತ್ತೊಬ್ಬ ಸಂಗ್ರಾಹಕನು ಕಳುಹಿಸಿದ ಒಂದೇ ಆಳಿನ ಹೊರೆ, ಬಾಡಿದ ಸ್ಥಿತಿಯಲ್ಲಿದ್ದರೂ, 300 ಪೌಂಡುಗಳಿಗೆ ಮಾರಾಟವಾಯಿತು. ದಾರಿಯಲ್ಲಿ ಸತ್ತವುಗಳ ಹೊಣೆ ಕುಂಡದ ಮಣ್ಣಿನದಲ್ಲ, ನಿಜ. ಆದರೆ ಬದುಕಿ ತಲುಪಿದವೂ ಕುಂಡದಲ್ಲಿ ಬಾಳದಿದ್ದುದರಿಂದ ಬೇಡಿಕೆ ಎಂದೂ ತೀರಲಿಲ್ಲ. ಅಂತಹ ಬೆಲೆ ದೊರೆಯುತ್ತಿದ್ದಾಗ ಆಳುಗಳ ಹೊರೆಗಳು ಬೆಟ್ಟವಿಳಿಯುವುದು ನಿಲ್ಲುವುದೆಂತು?

ಕ್ರಮೇಣ ಜೌಗು ನೆಲದ ನಾರುಳ್ಳ ಪೀಟ್, ಸ್ಫಾಗ್ನಮ್ ಪಾಚಿ ಇವುಗಳ ಮಿಶ್ರಣವು ರೂಢಿಗೆ ಬಂದಿತು. ಕುಂಡದ ತಳದಲ್ಲಿ ಒಡೆದ ಮಡಕೆಯ ಚೂರು. ಇಪ್ಪತ್ತನೆಯ ಶತಮಾನದಲ್ಲಿ ಆಸ್ಮಂಡ ಎಂಬ ಜರಿಗಿಡದ ಬೇರಿನ ನಾರು ಬಹುಕಾಲ ಮೇಲುಗೈ ಪಡೆದಿದ್ದು, 1950ರ ದಶಕದಲ್ಲಿ ಅಮೆರಿಕದಲ್ಲಿ ಫರ್ ಮರದ ತೊಗಟೆಯ ಚೂರುಗಳಿಗೆ ಸ್ಥಾನವನ್ನು ಬಿಟ್ಟುಕೊಟ್ಟಿತು. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ವಾದಕ್ಕೆ ಕೊನೆಯಿಲ್ಲ. ನಮಗೆ ತೋರುವಂತೆ, ಆಯ್ಕೆಯನ್ನು ನಿರ್ಧರಿಸಿದುದು ಬಹುಮಟ್ಟಿಗೆ ಆಯಾ ಕಾಲದಲ್ಲಿ ಅಗ್ಗವಾಗಿ ಸಿಕ್ಕಿದ ವಸ್ತು. ನೀರು ನಿಲ್ಲಬಾರದು, ಗಾಳಿ ಆಡಬೇಕು ಎಂಬ ತತ್ತ್ವ ಬ್ಯಾಂಕ್ಸ್‌ನ ಬುಟ್ಟಿಯಲ್ಲೇ ಇದ್ದಿತು. ನಮ್ಮ ದೇಶದ ಬೆಳೆಗಾರರು ತೆಂಗಿನ ಸಿಪ್ಪೆ, ಇದ್ದಲು, ಇಟ್ಟಿಗೆಯ ಚೂರುಗಳನ್ನು ಬಳಸುವುದೂ ಇದೇ ನ್ಯಾಯದಿಂದ.

ಪ್ರತಿಯೊಂದು ಹೊಸ ವಸ್ತುವೂ ತನ್ನದೇ ಆದ ಪಾಠವನ್ನು ಕಲಿಸಿತು. ತೊಗಟೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಸಾರಜನಕವನ್ನು ತಾವೇ ಉಪಯೋಗಿಸಿಕೊಳ್ಳುವುದರಿಂದ, ಅದಕ್ಕೆ ಬದಲಾಯಿಸಿದವರು ಸಾರಜನಕ ಹೆಚ್ಚಾಗಿರುವ ಗೊಬ್ಬರವನ್ನು ಕೊಡಬೇಕಾಯಿತು. ಅಲ್ಲದೆ ತೊಗಟೆಯು ಕೊಳೆತು ಪುಡಿಯಾದಂತೆ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ; ಆದುದರಿಂದ ಎರಡು ಮೂರು ವರ್ಷಗಳಿಗೊಮ್ಮೆ, ಹೊಸ ಬೇರುಗಳು ಮೊಳೆಯುವ ಸಮಯವನ್ನು ನೋಡಿಕೊಂಡು, ಗಿಡವನ್ನು ಹೊರತೆಗೆದು ಮತ್ತೆ ನೆಡಬೇಕಾಗುತ್ತದೆ.