ತಿನಿಸಿನ ಆಕಾರ, ಪೊಟ್ಟಣ ಮತ್ತು ಟ್ರೇಡ್‌ಮಾರ್ಕ್ ವ್ಯಾಜ್ಯಗಳು

ತಿನಿಸಿನ ಹೆಸರಿನಂತೆ ಅದರ ಆಕಾರ, ಹೊದಿಕೆಗಳೂ ತಯಾರಕರ ಸ್ವತ್ತಾಗಬಹುದೇ? ಹೊದಿಕೆಯ ಮಟ್ಟಿಗೆ ಭಾರತದ ಮುಖ್ಯ ತೀರ್ಪಿಗೆ ಕಾರಣವಾದದ್ದು ಮೈಸೂರಿನ ಒಂದು ಬಿಸ್ಕತ್ತು. ಪಾರ್ಲೆಯ ಗ್ಲೂಕೋ ಪೊಟ್ಟಣದ ಮೇಲೆ ನೀರಿನ ಬಕೆಟ್ಟು ಹಿಡಿದ ಹುಡುಗಿ, ಸುತ್ತ ಹಸು, ಕೋಳಿ, ಹಿಂದೆ ತೋಟದ ಮನೆ. ಮೈಸೂರಿನ ಜೆ.ಪಿ. ಅಂಡ್ ಕಂಪನಿಯ ಗ್ಲೂಕೋಸ್ ಪೊಟ್ಟಣದಲ್ಲೂ ಹಸು, ಕೋಳಿ, ಮನೆ ಇದ್ದವು. ಹುಡುಗಿಯ ತಲೆಯ ಮೇಲೆ ಮಾತ್ರ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು ಮತ್ತು ಬುತ್ತಿಗಂಟು. ಕೆಳಗಿನ ನ್ಯಾಯಾಲಯವೂ ಮೈಸೂರು ಹೈಕೋರ್ಟೂ ಪಾರ್ಲೆಯ ದಾವೆಯನ್ನು ವಜಾ ಮಾಡಿದವು. 1972ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪುಗಳನ್ನು ತಳ್ಳಿಹಾಕಿತು. ಪೊಟ್ಟಣಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ಎಣಿಸಬೇಕಿಲ್ಲ, ಇಂದು ಒಂದನ್ನು ಕಂಡವರು ಮತ್ತೊಂದು ದಿನ ಇನ್ನೊಂದನ್ನು ಅದೇ ಎಂದುಕೊಳ್ಳುವಂತಿದ್ದರೆ ಸಾಕು ಎಂದಿತು. ಅಕ್ಷರ ಬೇರೆಯಿದ್ದ ಮೇಲೆ ಮೋಸವೆಲ್ಲಿ ಎಂದು ಕೇಳಬಹುದು. ಓದು ಬಾರದವರೂ ಅಂಗಡಿಗೆ ಕಳಿಸಿದ ಮಕ್ಕಳೂ ಬಣ್ಣ, ಚಿತ್ರ ನೋಡಿಯೇ ಸಾಮಾನು ಕೇಳುತ್ತಾರೆ. ಆ ನೆನಪಿಗೆ ಕಾನೂನಿನ ಆಸರೆ ಬೇಕೇ ಬೇಕು.

ತಿನಿಸಿನದೇ ಆಕಾರದ ಮಾತು ಬೇರೆ. ಬೇಯಿಸಿದ ಗೋಧಿಯನ್ನು ಎಳೆಎಳೆಯಾಗಿ ತೆಗೆದು ಪುಟ್ಟ ದಿಂಬಿನಂತೆ ಮಾಡುವ ‘ಶ್ರೆಡೆಡ್ ವೀಟ್’ನ ಪೇಟೆಂಟು 1912ರಲ್ಲಿ ಮುಗಿದಿತ್ತು. ಕೆಲಾಗ್ ಅದೇ ಆಕಾರದಲ್ಲಿ ಮಾರತೊಡಗಿದಾಗ ನ್ಯಾಷನಲ್ ಬಿಸ್ಕಿಟ್ ಕಂಪನಿ ತಕರಾರು ತೆಗೆಯಿತು. ಬೇರೆ ಆಕಾರಕ್ಕೆ ಹೋದರೆ ಖರ್ಚು ಏರಿ ಗುಣಮಟ್ಟ ಇಳಿಯುತ್ತದೆ, ಪೇಟೆಂಟಿನೊಂದಿಗೆ ದಿಂಬಿನ ಆಕಾರವೂ ಎಲ್ಲರದಾಯಿತು ಎಂದು 1938ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಪರವಾಗಿ ನ್ಯಾಯಮೂರ್ತಿ ಲೂಯಿ ಬ್ರಾಂಡೈಸ್ ಬರೆದರು. ಇದೇ ಸರಿಯಾದ ದಾರಿ. ಪೇಟೆಂಟಿಗೆ ಕೊನೆಯುಂಟು, ನವೀಕರಿಸುತ್ತ ಹೋದರೆ ಟ್ರೇಡ್‌ಮಾರ್ಕಿಗೆ ಕೊನೆಯೇ ಇಲ್ಲ.

ದಶಕಗಳ ದುಡಿಮೆಯಿಂದ ಜನಮನದಲ್ಲಿ ನಿಂತ ಆಕಾರಕ್ಕೆ ಬೆಲೆಯಿಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. 1935ರಲ್ಲಿ ಬ್ರಿಟನ್ನಿನ ರೌಂಟ್ರೀ ಕಂಪನಿ ತಂದ, ನಾಲ್ಕು ಬೆರಳಿನ ಕಿಟ್‌ಕ್ಯಾಟನ್ನು ಹೆಸರಿಲ್ಲದೆಯೂ ಬಹಳ ಮಂದಿ ಗುರುತಿಸಿದರು. ಆದರೂ ಆ ಆಕಾರವನ್ನು ಟ್ರೇಡ್‌ಮಾರ್ಕಾಗಿ ನೋಂದಾಯಿಸಲು ಅದರ ಈಗಿನ ಒಡೆತನದ ನೆಸ್ಲೆ ಸಲ್ಲಿಸಿದ ಅರ್ಜಿಯನ್ನು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಒಪ್ಪಲಿಲ್ಲ. ಗುರುತಿಸುವುದು ಬೇರೆ, ತಯಾರಕರು ಇವರೇ ಎಂದು ಆಕಾರವನ್ನೇ ನಂಬುವುದು ಬೇರೆ. ಕೊಳ್ಳುವಾಗ ಕಣ್ಣಿಗೆ ಬೀಳುವುದು ಕೆಂಪು ಹೊದಿಕೆ. ಬೆರಳುಗಳು ಕಾಣುವುದು ಅದನ್ನು ಬಿಚ್ಚಿದ ಮೇಲೆ.

ಭಾರತದಲ್ಲಿ 2003ರಿಂದ ಜಾರಿಯಲ್ಲಿರುವ 1999ರ ಕಾಯಿದೆ ಆಕಾರ, ಪೊಟ್ಟಣ ಎರಡನ್ನೂ ಟ್ರೇಡ್‌ಮಾರ್ಕಿನೊಳಗೆ ಸೇರಿಸಿದೆ. ಸರಕಿನ ಸ್ವಭಾವದಿಂದ ಬಂದ, ತಾಂತ್ರಿಕ ಅಗತ್ಯದ ಅಥವಾ ಸರಕಿಗೇ ಬೆಲೆ ತರುವ ಆಕಾರಗಳನ್ನು ಹೊರಗಿಟ್ಟಿದೆ. ರಷ್ಯದ ಚರ್ಚುಗಳ ಗುಮ್ಮಟದಂತಿದ್ದ ಗೋರ್ಬಾಚೋವ್ ವೋಡ್ಕಾ ಬಾಟಲಿಯ ವ್ಯಾಜ್ಯದಲ್ಲಿ 2011ರಲ್ಲಿ ಬಾಂಬೆ ಹೈಕೋರ್ಟು ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ವಿರುದ್ಧ ತಡೆಯಾಜ್ಞೆ ಕೊಟ್ಟದ್ದು ಇದೇ ವಿವೇಚನೆಯಿಂದ: ವೋಡ್ಕಾ ತುಂಬಲು ಗುಮ್ಮಟ ಬೇಕಿಲ್ಲ.