ಉತ್ತರದ ನೆರೆ, ದಕ್ಷಿಣದ ಸಿಂಹಾಸನ: ವಿಯೆಟ್ನಾಂ ಸ್ವಾತಂತ್ರ್ಯದ ಇತಿಹಾಸ ಬರೆದವರು

ಕ್ರಿ.ಪೂ. 111ರಲ್ಲಿ ಹಾನ್ ಸಾಮ್ರಾಜ್ಯದ ಸೇನೆ ಕೆಂಪು ನದಿಯ ಕಣಿವೆಯನ್ನು ಗೆದ್ದ ಮೇಲೆ ಸುಮಾರು ಸಾವಿರ ವರ್ಷ ಚೀನಾದ ಆಡಳಿತದೊಳಗಿದ್ದು, ಕ್ರಿ.ಶ. 938ರ ಬಾಕ್ ದಾಂಗ್ ನದಿಯ ಯುದ್ಧದಿಂದ ಅದರ ಹಿಡಿತ ಬಿಡಿಸಿಕೊಂಡ ವಿಯೆಟ್ನಾಂ, ಮಿಂಗರ ಕೈಕೆಳಗಿದ್ದ ಇಪ್ಪತ್ತು ವರ್ಷಗಳನ್ನು (1407–1427) ಬಿಟ್ಟರೆ ಮತ್ತೆಂದೂ ಚೀನಾದ ಪ್ರಾಂತವಾಗಲಿಲ್ಲ. ಇಷ್ಟರ ಬಗ್ಗೆ ವಿದ್ವಾಂಸರಲ್ಲಿ ತಕರಾರಿಲ್ಲ. ಅದು ಹೇಗೆ ಸಾಧ್ಯವಾಯಿತು, ಸ್ವತಂತ್ರವಾಗಿರುವುದೆಂದರೆ ಆ ಕಾಲದವರ ಮನಸ್ಸಿನಲ್ಲಿ ಏನಿತ್ತು ಎಂಬ ವಿಷಯದಲ್ಲಿ ಮಾತ್ರ ಏಳು ಶತಮಾನಗಳಿಂದ ಉತ್ತರಗಳು ಬದಲಾಗುತ್ತಲೇ ಬಂದಿವೆ. ಆ ಬದಲಾವಣೆಯ ಜಾಡು ಹಿಡಿಯಲು ತ್ರಿಯೆವ್ ದಾ ಎಂಬ ಒಬ್ಬ ಅರಸನ ಕಥೆಯೇ ಬಹುಮಟ್ಟಿಗೆ ಸಾಕು. ಉತ್ತರ ಚೀನಾದಲ್ಲಿ ಹುಟ್ಟಿ, ಚಿನ್ ಸಾಮ್ರಾಜ್ಯದ ಅಧಿಕಾರಿಯಾಗಿ ದಕ್ಷಿಣಕ್ಕೆ ಬಂದ ಈತ, ಆ ಸಾಮ್ರಾಜ್ಯ ಕುಸಿದಾಗ ಇಂದಿನ ಗ್ವಾಂಗ್‌ಝೌ ನಗರದ ಸುತ್ತ 'ನಾಮ್ ವಿಯೆತ್' ರಾಜ್ಯವನ್ನು ಕಟ್ಟಿ, ಹಾನ್ ದೊರೆಗಳಿಗೆ ಎದುರಾಗಿ ತನ್ನನ್ನೂ ಚಕ್ರವರ್ತಿಯೆಂದು ಕರೆದುಕೊಂಡವನು. ಅವನು ವಿಯೆಟ್ನಾಮಿನ ಮೊದಲ ದೊರೆಯೋ, ಮೊದಲ ಆಕ್ರಮಣಕಾರನೋ ಎಂಬುದಕ್ಕೆ ಪ್ರತಿಯೊಂದು ಕಾಲವೂ ತನಗೆ ಬೇಕಾದ ಉತ್ತರವನ್ನು ಕೊಟ್ಟುಕೊಂಡಿದೆ.

ತ್ರಾನ್ ವಂಶದ ಆಸ್ಥಾನ ಇತಿಹಾಸಕಾರ ಲೆ ವಾನ್ ಹುವು 1272ರಲ್ಲಿ ಮುಗಿಸಿದ 'ದಾಯ್ ವಿಯೆತ್ ಸು ಕಿ', ಎಂದರೆ 'ಮಹಾ ವಿಯೆತ್ತಿನ ಇತಿಹಾಸ ದಾಖಲೆ', ತ್ರಿಯೆವ್ ದಾನಿಂದಲೇ ಆರಂಭವಾಗುತ್ತಿತ್ತು. ಮಂಗೋಲರ ಮೊದಲ ದಾಳಿ (1258) ಮುಗಿದು ಎರಡನೆಯದು (1285) ಇನ್ನೂ ಬರಬೇಕಿದ್ದ, ವಿಯೆಟ್ನಾಮಿನ ಅರಸ ತನ್ನ ಆಸ್ಥಾನಕ್ಕೆ ಖುದ್ದಾಗಿ ಬಂದು ತಲೆಬಾಗಬೇಕೆಂದು ಕುಬ್ಲಾಯ್ ಖಾನ್ ಒತ್ತಾಯಿಸುತ್ತಿದ್ದ ಆ ವರ್ಷಗಳಲ್ಲಿ, ಉತ್ತರದ ಚಕ್ರವರ್ತಿಗೆ ಸರಿಸಮನಾಗಿ ನಿಂತ ದಕ್ಷಿಣದ ಚಕ್ರವರ್ತಿಯೊಬ್ಬನನ್ನು ಹಿಂದಿನಿಂದ ಹುಡುಕಿ ತರುವ ಅಗತ್ಯ ಆಸ್ಥಾನಕ್ಕಿತ್ತು. ಅವನ ಹುಟ್ಟೂರು ಯಾವುದೆಂಬುದು ಅಂದಿನವರಿಗೆ ಅಡ್ಡಿಯಾಗಿ ಕಾಣಲಿಲ್ಲ. ಮೂಲಗ್ರಂಥ ಉಳಿದಿಲ್ಲ. ಅದರ ಅಂಶಗಳು ದೊರೆಯುವುದು ನ್ಗೋ ಸಿ ಲಿಯೆನ್ 1479ರಲ್ಲಿ ಸಂಕಲಿಸಿದ 'ತೊವಾನ್ ಥು' (ಸಮಗ್ರ ಗ್ರಂಥ) ಎಂಬ ದೊಡ್ಡ ಇತಿಹಾಸದಲ್ಲಿ. ಮಿಂಗರ ಆಳ್ವಿಕೆಯಲ್ಲಿ ದೇಶದ ಪುಸ್ತಕಗಳು ಸುಟ್ಟೂ ಸಾಗಿಸಲ್ಪಟ್ಟೂ ಹೋದ ಮೇಲೆ ಬರೆದ ನ್ಗೋ ಸಿ ಲಿಯೆನ್‌ಗೆ ತ್ರಿಯೆವ್ ದಾನಷ್ಟೇ ಸಾಲದೆ, ಅವನಿಗೂ ಹಿಂದಿನ ಪೌರಾಣಿಕ ಹಾಂಗ್ ಬಾಂಗ್ ವಂಶವನ್ನು ಸೇರಿಸಿ ರಾಷ್ಟ್ರದ ಆರಂಭವನ್ನು ಕ್ರಿ.ಪೂ. 2879ಕ್ಕೆ ಒಯ್ದನು. ಈ ವಂಶದ ಕಥೆಯೇ ಮಧ್ಯಯುಗದ ಪಂಡಿತರು ಚೀನೀ ಗ್ರಂಥಗಳ ನೆರವಿನಿಂದ ಕಟ್ಟಿದ್ದು ಎಂದು ಇತಿಹಾಸಕಾರ ಲಿಯಾಮ್ ಕೆಲ್ಲಿ 2012ರಲ್ಲಿ ವಾದಿಸಿದಾಗ ಎದ್ದ ಚರ್ಚೆ ಇನ್ನೂ ತಣ್ಣಗಾಗಿಲ್ಲ.

ಆಸ್ಥಾನದ ಇತಿಹಾಸಕಾರರಿಗೆ ಯುದ್ಧದಷ್ಟೇ ಮುಖ್ಯವಾಗಿದ್ದ ಇನ್ನೊಂದು ಸಂಗತಿ ಕಪ್ಪದ ವ್ಯವಸ್ಥೆ. ನಿಗದಿಯಾದ ಅವಧಿಗೊಮ್ಮೆ ದೂತರ ಮೂಲಕ ಕಾಣಿಕೆ ಕಳಿಸಿ, ಚೀನಾದ ಚಕ್ರವರ್ತಿಯಿಂದ 'ಆನ್ ನಾಮ್ ರಾಜ' ಎಂಬ ಬಿರುದನ್ನೂ ಮುದ್ರೆಯನ್ನೂ ಪಡೆಯುವ ಕ್ರಮವಿದು. ಕನ್ನಡ ಶಾಸನಗಳಲ್ಲಿ ಬರುವ 'ಸಾಮಂತ' ಎಂಬ ಪದವನ್ನು ಇಲ್ಲಿ ಬಳಸಿದರೆ ದಾರಿ ತಪ್ಪುತ್ತದೆ: ಸಾಮಂತನು ಒಡೆಯನ ದಂಡಿನೊಡನೆ ಹೋಗಿ ಕಾದಬೇಕಿತ್ತು, ಒಡೆಯನ ಹೆಸರನ್ನು ತನ್ನ ಶಾಸನದ ತಲೆಯಲ್ಲಿ ಕೆತ್ತಿಸಬೇಕಿತ್ತು, ವಿಯೆಟ್ನಾಮಿನ ಅರಸನಾದರೋ ಗಡಿಯ ಆಚೆಗೆ ಹೋಗುವ ಕಾಗದದಲ್ಲಿ 'ರಾಜ'ನಾಗಿ, ಗಡಿಯ ಈಚೆಯ ಶಾಸನದಲ್ಲಿ 'ಚಕ್ರವರ್ತಿ'ಯಾಗಿ, ತನ್ನದೇ ಶಕವರ್ಷಗಳನ್ನು ಎಣಿಸುತ್ತ ಕುಳಿತಿದ್ದನು. ಒಂದೇ ಸಿಂಹಾಸನಕ್ಕೆ ಎರಡು ಲೆಕ್ಕದ ಪುಸ್ತಕಗಳು ಎನ್ನಬಹುದು. ಮಿಂಗ್ ಸೇನಾಪತಿ ಲಿಯು ಷೆಂಗ್‌ನನ್ನು 1427ರಲ್ಲಿ ಚಿ ಲಾಂಗ್ ಕಣಿವೆಯಲ್ಲಿ ಕೊಂದು ದೇಶವನ್ನು ಬಿಡಿಸಿಕೊಂಡ ಲೆ ಲೋಯ್, ಗೆದ್ದ ಕೂಡಲೇ ಸತ್ತವನಿಗೆ ಬದಲಾಗಿ ಚಿನ್ನದ ಮನುಷ್ಯಮೂರ್ತಿಗಳನ್ನು ಕಾಣಿಕೆಯಾಗಿ ಕಳಿಸಿದನು; 1789ರ ಹೊಸವರ್ಷದ ಹಬ್ಬದಲ್ಲಿ ಚಿಂಗ್ ಸೇನೆಯನ್ನು ಹನೋಯಿಯಿಂದ ಓಡಿಸಿದ ಕ್ವಾಂಗ್ ತ್ರುಂಗ್, ಮರುವರ್ಷವೇ ಚಿಯೆನ್‌ಲುಂಗ್ ಚಕ್ರವರ್ತಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ತನ್ನ ವೇಷದಲ್ಲಿ ಬೇರೊಬ್ಬನನ್ನು ಕಳಿಸಿದನೆಂದು ವಿಯೆಟ್ನಾಮಿನ ಮೂಲಗಳು ಹೇಳುತ್ತವೆ. ದೇಶದ ಇಂದಿನ ಹೆಸರಿಗೂ ಈ ಕಾಗದಪತ್ರದ ಚೌಕಾಸಿಯೇ ಮೂಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜಾ ಲಾಂಗ್ ಅರಸ 'ನಾಮ್ ವಿಯೆತ್' ಎಂಬ ಹೆಸರು ಕೇಳಿದಾಗ, ಇದು ತ್ರಿಯೆವ್ ದಾನ ರಾಜ್ಯದ ಹೆಸರೆಂದೂ ಆ ರಾಜ್ಯದಲ್ಲಿ ಗ್ವಾಂಗ್‌ಡಾಂಗ್, ಗ್ವಾಂಗ್‌ಷಿ ಸೀಮೆಗಳೂ ಸೇರಿದ್ದವೆಂದೂ ನೆನಪಿಟ್ಟಿದ್ದ ಚಿಂಗ್ ಆಸ್ಥಾನ ಪದಗಳನ್ನು ತಿರುವುಮುರುವು ಮಾಡಿ 'ವಿಯೆತ್ ನಾಮ್' ಎಂದು ಮಂಜೂರು ಮಾಡಿತು. ಆ ಸಂದರ್ಭದಲ್ಲಿ ಬಂದ ಮುದ್ರೆಯನ್ನು 1884ರಲ್ಲಿ ಹ್ಯೂ ನಗರದಲ್ಲಿ ಫ್ರೆಂಚ್ ಪ್ರತಿನಿಧಿಯ ಎದುರಿಗೇ ಕರಗಿಸಲಾಯಿತು.

ಫ್ರೆಂಚರ ಕಾಲದ ವಿದ್ವತ್ತನ್ನು ಬೇಗ ದಾಟಬಹುದು. ಇಪ್ಪತ್ತನೆಯ ಶತಮಾನದ ಆರಂಭದಿಂದ ಹನೋಯಿಯಲ್ಲಿ ಕೆಲಸ ಮಾಡಿದ ಫ್ರೆಂಚ್ ಪ್ರಾಚ್ಯ ಅಧ್ಯಯನ ಸಂಸ್ಥೆಯ ಆನ್ರಿ ಮಾಸ್ಪೆರೊ ಮೊದಲಾದವರು ಹಸ್ತಪ್ರತಿಗಳನ್ನೂ ಕಾಲನಿರ್ಣಯವನ್ನೂ ಗಟ್ಟಿ ನೆಲೆಗೆ ತಂದರಾದರೂ, ವಿಯೆಟ್ನಾಮನ್ನು ಚೀನೀ ನಾಗರಿಕತೆಯ ಒಂದು ಶಾಖೆಯಾಗಿ ನೋಡುವ ಅಭ್ಯಾಸ ಅವರದಾಗಿತ್ತು. ಅದಕ್ಕೆ ದಕ್ಷಿಣದಲ್ಲಿದ್ದ, ಸಂಸ್ಕೃತ ಶಾಸನಗಳ ಚಂಪಾ ರಾಜ್ಯದ ಕಡೆಗೆ ಭಾರತೀಯರ ಗಮನ ಹರಿದದ್ದು ಆರ್. ಸಿ. ಮಜುಂದಾರರ 1927ರ ಪುಸ್ತಕದಿಂದ; ಚೀನಾದ ಎದುರು ಚಿಕ್ಕದಾಗಿದ್ದ ವಿಯೆಟ್ನಾಂ 1471ರಲ್ಲಿ ಚಂಪಾದ ರಾಜಧಾನಿ ವಿಜಯವನ್ನು ನಾಶಮಾಡಿದ ಬಲಿಷ್ಠ ನೆರೆಯೂ ಆಗಿತ್ತೆಂಬುದನ್ನು ಸ್ವಾತಂತ್ರ್ಯದ ಕಥೆ ಹೇಳುವವರು ಸಾಮಾನ್ಯವಾಗಿ ನುಂಗಿಕೊಳ್ಳುತ್ತಾರೆ.

ಇಪ್ಪತ್ತನೆಯ ಶತಮಾನದ ರಾಷ್ಟ್ರೀಯವಾದಿ ಇತಿಹಾಸ ತ್ರಾನ್ ತ್ರೋಂಗ್ ಕಿಮ್ ಅವರ 1920ರ 'ವಿಯೆತ್ ನಾಮ್ ಸು ಲುವೊಕ್' (ವಿಯೆಟ್ನಾಂ ಸಂಕ್ಷಿಪ್ತ ಇತಿಹಾಸ) ಕೃತಿಯಿಂದ ಜನಸಾಮಾನ್ಯರನ್ನು ಮುಟ್ಟಿತು. ಚೀನೀ ಲಿಪಿಯಲ್ಲಿ ಅಲ್ಲದೆ 'ಕುಯೊಕ್ ನ್ಗು' ಎಂಬ ರೋಮನ್ ಲಿಪಿಯ ವಿಯೆಟ್ನಾಮಿ ಬರವಣಿಗೆಯಲ್ಲಿ ಬಂದ ಈ ಪುಸ್ತಕ ಚೀನೀ ಆಳ್ವಿಕೆಯ ಕಾಲವನ್ನು 'ಬಾಕ್ ಥುವೊಕ್', ಎಂದರೆ ಉತ್ತರಕ್ಕೆ ಅಧೀನವಾದ ಕಾಲ, ಎಂದು ಪ್ರತ್ಯೇಕಿಸಿ, ಅದನ್ನು ಕ್ರಿ.ಪೂ. 111ರಿಂದ ಆರಂಭಿಸಿತು. ತ್ರಿಯೆವ್ ದಾ ಇನ್ನೂ ಒಳಗಿನವನೇ. 1954ರ ನಂತರ ಹನೋಯಿಯ ಇತಿಹಾಸಕಾರರು, ಹದಿನೆಂಟನೆಯ ಶತಮಾನದ ನ್ಗೋ ಥಿ ಸಿ ಎಂಬ ಪಂಡಿತ ಎತ್ತಿದ್ದ ಹಳೆಯ ಆಕ್ಷೇಪವನ್ನೇ ಮುಂದುವರಿಸಿ, ತ್ರಿಯೆವ್ ದಾನನ್ನು ಹೊರಗಿನ ಆಕ್ರಮಣಕಾರನೆಂದು ಸಾರಿ, ಅಧೀನ ಕಾಲದ ಆರಂಭವನ್ನು ಅವನ ಆಕ್ರಮಣದ ವರ್ಷವಾದ ಕ್ರಿ.ಪೂ. 179ಕ್ಕೆ ಸರಿಸಿದರು. ಒಬ್ಬನ ಕುಲಗೋತ್ರ ಬದಲಾದದ್ದರಿಂದ ರಾಷ್ಟ್ರದ ದಾಸ್ಯಕ್ಕೆ 68 ವರ್ಷ ಹೆಚ್ಚು ಸೇರಿಕೊಂಡವು.

ಈ ಪಂಥದ ದೊಡ್ಡ ಬಲ ಯುದ್ಧಗಳ ಇತಿಹಾಸ, ಅದರಲ್ಲೂ ಬಾಕ್ ದಾಂಗ್. ಕಬ್ಬಿಣದ ಮೊನೆ ತೊಡಿಸಿದ ಮರದ ಗೂಟಗಳನ್ನು ನದೀಮುಖದ ತಳದಲ್ಲಿ ನೆಟ್ಟು, ಭರತದ ನೀರು ಅವನ್ನು ಮುಚ್ಚಿರುವಾಗ ಶತ್ರುವಿನ ಹಡಗುಗಳನ್ನು ಒಳಗೆ ಸೆಳೆದು, ಇಳಿತ ಬಂದೊಡನೆ ಅವು ಗೂಟಗಳಿಗೆ ಸಿಕ್ಕಿಕೊಳ್ಳುವಂತೆ ಮಾಡಿದ ನ್ಗೋ ಕುಯೆನ್‌ನ 938ರ ಉಪಾಯವನ್ನೇ ಸೇನಾನಿ ತ್ರಾನ್ ಹುಂಗ್ ದಾವ್ 1288ರಲ್ಲಿ ಮಂಗೋಲರ ಮೇಲೆ ಮತ್ತೆ ಪ್ರಯೋಗಿಸಿದನು. ಬರಹದಲ್ಲಷ್ಟೇ ಇದ್ದ ಆ ಗೂಟಗಳು 1953ರಲ್ಲಿ ಕ್ವಾಂಗ್ ಯೆನ್ ಬಳಿಯ ಕೆಸರಿನಲ್ಲಿ, 2019ರಲ್ಲಿ ಹೈಫಾಂಗ್ ಸಮೀಪದ ಕಾವ್ ಕುಯ್ ಗ್ರಾಮದ ಹೊಲದಲ್ಲಿ ಕಣ್ಣಿಗೇ ಬಿದ್ದವು. 1979ರ ಫೆಬ್ರವರಿ 17ರಂದು ಚೀನಾದ ಸೇನೆ ಗಡಿ ದಾಟಿದಾಗ ಇಂಥ ಕಥನಕ್ಕೆ ಮತ್ತಷ್ಟು ಕಸುವು ಬಂದದ್ದು ಸಹಜ.

ಅಮೆರಿಕದಲ್ಲಿ ಬೆಳೆದ ಅಧ್ಯಯನ ಬೇರೆ ದಾರಿ ಹಿಡಿಯಿತು. ಜಾ ಲಾಂಗ್ ಅರಸನ ನ್ಗುಯೆನ್ ವಂಶದ ಆಡಳಿತ ಚೀನೀ ಮಾದರಿಯನ್ನು ಎಷ್ಟರಮಟ್ಟಿಗೆ ಅಳವಡಿಸಿಕೊಂಡಿತ್ತು, ಎಲ್ಲಿ ಅದು ಒಗ್ಗಲಿಲ್ಲ ಎಂಬುದನ್ನು ಅಲೆಕ್ಸಾಂಡರ್ ವುಡ್‌ಸೈಡ್ 1971ರಲ್ಲಿ ಕಚೇರಿ ಕಚೇರಿಯಾಗಿ ಬಿಡಿಸಿಟ್ಟರು. ವಿಯೆಟ್ನಾಂ ಯುದ್ಧದಲ್ಲಿ ಸೈನಿಕರಾಗಿದ್ದ ಕೀತ್ ಟೇಲರ್, ಸಾವಿರ ವರ್ಷದ ಚೀನೀ ಆಳ್ವಿಕೆಯ ಉದ್ದಕ್ಕೂ ಪ್ರತ್ಯೇಕ ವಿಯೆಟ್ನಾಮಿ ಪ್ರಜ್ಞೆ ಅಳಿಯದೆ ಉಳಿದಿತ್ತೆಂದು 1983ರಲ್ಲಿ ಪ್ರತಿಪಾದಿಸಿ, ಮೂವತ್ತು ವರ್ಷಗಳ ನಂತರ ತಮ್ಮ 2013ರ ಬೃಹದ್ ಗ್ರಂಥದಲ್ಲಿ ಆ ನಿಲುವನ್ನು ತಾವೇ ಕೈಬಿಟ್ಟರು. ತನ್ನ ಕ್ಷೇತ್ರದ ಆಧಾರಗ್ರಂಥವನ್ನು ಬರೆದವನೇ ಅದನ್ನು ಕೆಡವಿದ ನಿದರ್ಶನಗಳು ಹೆಚ್ಚಿಲ್ಲ. ಬೀಜಿಂಗಿಗೆ ಹೋದ ದೂತರು ಬರೆದ ಕವಿತೆಗಳನ್ನು ಓದಿದ ಕೆಲ್ಲಿ 2005ರಲ್ಲಿ, ಅವರಲ್ಲಿ ಕಾಣುವುದು ಪ್ರತಿರೋಧವಲ್ಲ, ಒಂದೇ ವಿದ್ಯಾಪರಂಪರೆಯಲ್ಲಿ ಪಾಲುದಾರರಾಗಿರುವ ಹೆಮ್ಮೆ ಎಂದರು. ಮರುವರ್ಷ ಬ್ರ್ಯಾಂಟ್ಲಿ ವೊಮ್ಯಾಕ್ ಅಸಮಬಲದ ಸಿದ್ಧಾಂತವನ್ನು ಮುಂದಿಟ್ಟರು: ದೊಡ್ಡದಕ್ಕೆ ಬೇಕಾದದ್ದು ಗೌರವ, ಚಿಕ್ಕದಕ್ಕೆ ಬೇಕಾದದ್ದು ತನ್ನ ಸ್ವಾಯತ್ತತೆಯ ಮನ್ನಣೆ, ಇವೆರಡೂ ವಿನಿಮಯವಾಗುವವರೆಗೆ ಶಾಂತಿ ನಿಲ್ಲುತ್ತದೆ.

ಕೆಲ್ಲಿಯ ವಾದ ದೂತರ ಮಟ್ಟಿಗೆ ಒಪ್ಪತಕ್ಕದ್ದೇ ಆದರೂ, ಪಾಲುದಾರಿಕೆಯ ಹೆಮ್ಮೆಗೂ ಪ್ರತಿರೋಧಕ್ಕೂ ವಿರೋಧವಿದೆಯೆಂದು ಅದು ಭಾವಿಸಿದಂತಿದೆ. ಲೀ ವಂಶದ ಆಸ್ಥಾನ ಚೀನಾದ ಮಾದರಿಯ ಮೊದಲ ಕನ್ಫ್ಯೂಷಿಯನ್ ಪರೀಕ್ಷೆಯನ್ನು ನಡೆಸಿದ್ದು 1075ರಲ್ಲಿ. ಅದೇ ವರ್ಷದ ಕೊನೆಯಲ್ಲಿ ಲೀ ಥುವೊಂಗ್ ಕಿಯೆತ್‌ನ ಸೇನೆ ಗಡಿ ದಾಟಿ ಸಾಂಗ್ ಸಾಮ್ರಾಜ್ಯದ ಪಟ್ಟಣಗಳಿಗೆ ನುಗ್ಗಿತು. ನೆರೆಯ ಶಾಸ್ತ್ರವನ್ನು ಕಲಿತದ್ದು ನೆರೆಯೊಡನೆ ಸಮಸಮ ನಿಲ್ಲುವ ಸಾಧನವಾಗಿಯೂ ಒದಗಿತು. ಕಲಿಕೆ ಒಂದೇ ದಿಕ್ಕಿನದೂ ಆಗಿರಲಿಲ್ಲ: ಮಿಂಗರು ಸೆರೆಹಿಡಿದು ಒಯ್ದ ಹೊ ನ್ಗುಯೆನ್ ತ್ರುಂಗ್ ಎಂಬ ರಾಜಕುಮಾರ ಅವರಿಗೇ ಬಂದೂಕು ತಯಾರಿಸಿಕೊಟ್ಟದ್ದನ್ನು ಸುನ್ ಲೈಚೆನ್ ಅವರ ಅಧ್ಯಯನ ತೋರಿಸಿದೆ.

ಇಷ್ಟೆಲ್ಲ ವಾದವಿವಾದಗಳ ಮೂಲಸಾಮಗ್ರಿ ಬಹುಪಾಲು ಇರುವುದು ಪ್ರಾಚೀನ ಚೀನೀ ಭಾಷೆಯಲ್ಲಿ, ಚೀನೀ ಲಿಪಿಯಲ್ಲಿ. ಆ ಭಾಷೆಯಲ್ಲಿ ನಡೆಯುತ್ತಿದ್ದ ರಾಜಪರೀಕ್ಷೆಗಳಲ್ಲಿ ಕೊನೆಯದು ಹ್ಯೂ ನಗರದಲ್ಲಿ 1919ರಲ್ಲಿ ಮುಗಿಯಿತು. ಅಂದಿನಿಂದ ವಿಯೆಟ್ನಾಮಿನಲ್ಲಿ ತ್ರಿಯೆವ್ ದಾನ ಬಗ್ಗೆ ಅಭಿಪ್ರಾಯವುಳ್ಳವರು ಬಹಳ ಮಂದಿ. ಅವನ ಬಗ್ಗೆ ನ್ಗೋ ಸಿ ಲಿಯೆನ್ ಬರೆದದ್ದನ್ನು ಅನುವಾದದ ನೆರವಿಲ್ಲದೆ ಓದಬಲ್ಲವರು ಬೆರಳೆಣಿಕೆಯ ಪಂಡಿತರಷ್ಟೇ.