ಟ್ರೇಲರ್ ಶಿಬಿರಗಳಲ್ಲಿ ಪೋರ್ಟಬಲ್ ಜನರೇಟರ್ ಸುರಕ್ಷತೆ

ವಾಹನದ ಹಿಂದೆ ಎಳೆದೊಯ್ಯುವ, ಮಲಗಲು ಮತ್ತು ಅಡುಗೆ ಮಾಡಲು ಅನುಕೂಲವಿರುವ ಟ್ರೇಲರ್‌ಗಳಲ್ಲಿ ಶಿಬಿರ ಹೂಡುವವರು, ವಿದ್ಯುತ್ ಸಂಪರ್ಕವಿಲ್ಲದ ಸ್ಥಳಗಳಲ್ಲಿ ಪೆಟ್ರೋಲ್ ಅಥವಾ ಪ್ರೊಪೇನ್‌ನಿಂದ ನಡೆಯುವ ಪೋರ್ಟಬಲ್ ಜನರೇಟರ್‌ಗಳನ್ನು ಬಳಸುತ್ತಾರೆ. ಈ ರೂಢಿ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ವ್ಯಾಪಕವಾಗಿದೆ. ಹವಾನಿಯಂತ್ರಕ, ಬ್ಯಾಟರಿಯ ಚಾರ್ಜಿಂಗ್, ಉಸಿರಾಟಕ್ಕೆ ನೆರವಾಗುವ ವೈದ್ಯಕೀಯ ಉಪಕರಣ ಮುಂತಾದವುಗಳಿಗಾಗಿ ಜನರೇಟರನ್ನು ರಾತ್ರಿಯಿಡೀ ನಡೆಸುವ ಸಂದರ್ಭಗಳಿವೆ. ಆಗ ಎದುರಾಗುವ ಪ್ರಮುಖ ಅಪಾಯವೆಂದರೆ ಕಾರ್ಬನ್ ಮಾನಾಕ್ಸೈಡ್ ವಿಷಬಾಧೆ. ಬೆಂಕಿ ಮತ್ತು ವಿದ್ಯುದಾಘಾತಗಳು ಅನಂತರದವು.

ಅಪಾಯದ ಸ್ವರೂಪ

ಇಂಧನವು ಪೂರ್ಣವಾಗಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ರಕ್ತದ ಹಿಮೋಗ್ಲೋಬಿನ್‌ನೊಡನೆ ಇದು ಆಮ್ಲಜನಕಕ್ಕಿಂತ ಸುಮಾರು 200ರಿಂದ 250 ಪಟ್ಟು ಬಲವಾಗಿ ಬೆಸೆದುಕೊಳ್ಳುವುದರಿಂದ ಮಿದುಳು ಮತ್ತು ಹೃದಯಕ್ಕೆ ಆಮ್ಲಜನಕದ ಪೂರೈಕೆ ಕುಗ್ಗುತ್ತದೆ. ಇಂದಿನ ಕಾರುಗಳಲ್ಲಿ ಈ ಅನಿಲವನ್ನು ಬಹುಪಾಲು ನಿವಾರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಸಣ್ಣ ಜನರೇಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಪೋರ್ಟಬಲ್ ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮಾನಾಕ್ಸೈಡ್ ಹೊರಸೂಸಬಲ್ಲದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಎಚ್ಚರಿಸಿದೆ. ಇದೇ ಆಯೋಗದ ಪ್ರಕಾರ ಆ ದೇಶದಲ್ಲಿ ಪ್ರತಿವರ್ಷ ಸುಮಾರು 100 ಮಂದಿ ಈ ಕಾರಣದಿಂದ ಸಾಯುತ್ತಾರೆ.

ಎಚ್ಚರವಾಗಿರುವವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿಗಳು ಕಾಣಿಸಿಕೊಳ್ಳುತ್ತವೆ. ಇವನ್ನು ಫ್ಲೂ ಜ್ವರವೆಂದೋ ಪ್ರಯಾಣದ ಆಯಾಸವೆಂದೋ ತಪ್ಪಾಗಿ ತಿಳಿಯುವುದು ಸಾಮಾನ್ಯ. ನಿದ್ರಿಸುತ್ತಿರುವವರಿಗಾದರೋ ಈ ಮುನ್ಸೂಚನೆಯೂ ದೊರೆಯುವುದಿಲ್ಲ. ಎಚ್ಚರಗೊಳ್ಳುವ ಮೊದಲೇ ಪ್ರಜ್ಞೆ ತಪ್ಪಬಹುದು. ಹಗಲಿನಲ್ಲಿ ತೊಂದರೆ ಕೊಡದ ಯಂತ್ರ ರಾತ್ರಿ ಮಾರಕವಾಗಲು ಇದೊಂದು ಕಾರಣ.

ಜನರೇಟರನ್ನು ಇರಿಸುವ ಸ್ಥಳ

ಆಯೋಗದ ಸೂಚನೆಯಂತೆ ಜನರೇಟರನ್ನು ಬಯಲಿನಲ್ಲಿ, ವಸತಿಯಿಂದ ಕನಿಷ್ಠ 20 ಅಡಿ (ಸುಮಾರು 6 ಮೀಟರ್) ದೂರದಲ್ಲಿ, ಹೊಗೆ ಕೊಳವೆಯು ಜನರಿಂದ ವಿಮುಖವಾಗಿರುವಂತೆ ಇರಿಸಬೇಕು. ಟ್ರೇಲರ್‌ನ ಮೇಲ್ಚಾವಣಿಯ ಅಡಿ, ಎಳೆಯುವ ವಾಹನದ ಡಿಕ್ಕಿಯೊಳಗೆ, ಅಥವಾ ಟ್ರೇಲರ್‌ಗೂ ವಾಹನಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಇಡುವುದು ಅಪಾಯಕರ. ಮಳೆಯಿಂದ ರಕ್ಷಿಸಲೆಂದು ಯಂತ್ರವನ್ನು ಮುಚ್ಚಿದ ಪೆಟ್ಟಿಗೆಯೊಳಗೆ ನಡೆಸುವುದೂ ಹಾಗೆಯೇ.

ದೂರವೊಂದೇ ಸಾಲದು. ಗಾಳಿಯು ಟ್ರೇಲರ್‌ನ ಸುತ್ತ ಬಳಸಿ ಹೋಗುವಾಗ ಅದರ ಮರೆಯ ಬದಿಯಲ್ಲಿ ಸುಳಿ ಏಳುತ್ತದೆ ಮತ್ತು ಹೊಗೆಯು ಅಲ್ಲಿ ತಂಗುತ್ತದೆ. ಸಂಜೆ ಸರಿಯಾಗಿದ್ದ ಗಾಳಿಯ ದಿಕ್ಕು ನಡುರಾತ್ರಿ ಬದಲಾಗಬಹುದು. ಗಾಳಿಯಿಲ್ಲದ ಶೀತಲ ರಾತ್ರಿಗಳಲ್ಲಿ ಹೊಗೆ ಚದುರದೆ ನಿಲ್ಲುತ್ತದೆ. ನೆಲದಲ್ಲಿ ಕೊಳವೆ ಮತ್ತು ತಂತಿಗಳು ಹಾದುಹೋಗುವ ರಂಧ್ರಗಳು, ಫ್ರಿಜ್‌ನ ಗಾಳಿಕಿಂಡಿ, ಹೊರಕ್ಕೆ ಚಾಚುವ ಕೋಣೆಯ ಅಂಚುಗಳು, ತೆರೆದ ಕಿಟಕಿ ಇವೆಲ್ಲ ಅನಿಲದ ಪ್ರವೇಶದ್ವಾರಗಳು. ತಾಜಾ ಗಾಳಿಗೆಂದು ತೆರೆದ ಕಿಟಕಿಯು ಹೊಗೆಯ ಕಡೆಗಿದ್ದರೆ ಪರಿಣಾಮ ತದ್ವಿರುದ್ಧವಾಗುತ್ತದೆ. ಪಕ್ಕದ ಶಿಬಿರದವರ ಜನರೇಟರ್ ಕೂಡ ಇಷ್ಟೇ ಹಾನಿ ಮಾಡಬಲ್ಲದು.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರು ಮೃತಪಟ್ಟಿದ್ದರು. ಕಲ್ಲಿಕೋಟೆಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ತಜ್ಞರು ನಡೆಸಿದ ಪರೀಕ್ಷೆಯಲ್ಲಿ, ವಾಹನದ ಜನರೇಟರ್‌ನಿಂದ ಹೊರಬಿದ್ದ ಕಾರ್ಬನ್ ಮಾನಾಕ್ಸೈಡ್ ನೆಲಹಾಸಿನ ಸಂದಿನ ಮೂಲಕ ಒಳಸೇರಿದ್ದು ಕಂಡುಬಂದಿತು.

ಸೂಚಕಗಳು ಮತ್ತು ಸ್ವಯಂ ನಿಲುಗಡೆ

ಕಾರ್ಬನ್ ಮಾನಾಕ್ಸೈಡ್ ಸೂಚಕವು ಕೊನೆಯ ರಕ್ಷಣೆ. ಜನರೇಟರನ್ನು ಸಮೀಪದಲ್ಲಿ ಇಡಲು ಅದು ಪರವಾನಗಿಯಲ್ಲ. ಅಮೆರಿಕದ ಯುಎಲ್ 2034 ಮಾನದಂಡದಂತೆ ಸೂಚಕವು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲದ 70 ಭಾಗವಿದ್ದರೆ 1ರಿಂದ 4 ಗಂಟೆಗಳಲ್ಲಿ, 400 ಭಾಗವಿದ್ದರೆ 4ರಿಂದ 15 ನಿಮಿಷಗಳಲ್ಲಿ ಕೂಗಬೇಕು. ಪ್ರೊಪೇನ್ ಗಾಳಿಗಿಂತ ಭಾರವಾದುದರಿಂದ ಅದರ ಸೂಚಕವನ್ನು ನೆಲದ ಬಳಿ ಅಳವಡಿಸುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಗಾಳಿಗಿಂತ ತುಸು ಹಗುರವಾಗಿದ್ದು ಗಾಳಿಯೊಡನೆ ಬೆರೆಯುವುದರಿಂದ ಅದರ ಸೂಚಕ ಮಲಗುವ ಜಾಗದ ಹತ್ತಿರ ಇರಬೇಕು. ಸೂಚಕಗಳಿಗೆ ಬಾಳಿಕೆಯ ಅವಧಿಯಿದೆ; ಗುಂಡಿ ಒತ್ತಿದಾಗ ಸದ್ದು ಬಂದ ಮಾತ್ರಕ್ಕೆ ಅವಧಿ ಮೀರಿದ ಸೂಚಕವನ್ನು ನಂಬಲಾಗದು.

ಅನಿಲ ಹೆಚ್ಚಾದಾಗ ತಾನಾಗಿಯೇ ನಿಲ್ಲುವ ಜನರೇಟರ್‌ಗಳು ಇತ್ತೀಚೆಗೆ ಮಾರುಕಟ್ಟೆಯಲ್ಲಿವೆ. ಆದರೆ ಅವುಗಳ ಸಂವೇದಕ ಯಂತ್ರದ ಮೇಲಿರುತ್ತದೆ, ಮಲಗಿದವರ ಬಳಿಯಲ್ಲಲ್ಲ. ಗಾಳಿ ಹೊಗೆಯನ್ನು ಯಂತ್ರದಿಂದ ದೂರ ಒಯ್ದು ಟ್ರೇಲರ್‌ಗೆ ತುಂಬುತ್ತಿದ್ದರೆ ಅದಕ್ಕೆ ತಿಳಿಯುವುದಿಲ್ಲ.

ಇಂಧನ ಮತ್ತು ವಿದ್ಯುತ್

ಬಿಸಿ ಎಂಜಿನ್‌ಗೆ ಪೆಟ್ರೋಲ್ ತುಂಬಿಸುವುದು ಬೆಂಕಿಗೆ ಕಾರಣವಾಗಬಹುದು. ಆದ್ದರಿಂದ ಮಲಗುವ ಮೊದಲೇ ಯಂತ್ರ ನಿಲ್ಲಿಸಿ, ತಣಿದ ಮೇಲೆ ತುಂಬಿಸುವುದು ರೂಢಿ. ಹೊರಾಂಗಣಕ್ಕೆ ತಕ್ಕ, ಹೊರೆಗೆ ಸಾಕಾಗುವಷ್ಟು ದಪ್ಪ ತಂತಿಯನ್ನೇ ಬಳಸಬೇಕು. ಜನರೇಟರನ್ನು ದೂರವಿಟ್ಟಷ್ಟೂ ತಂತಿ ಉದ್ದವಾಗುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಅನೇಕರು ಯಂತ್ರವನ್ನು ಹತ್ತಿರ ತಂದಿಡಲು ಈ ಗಿಡ್ಡ ತಂತಿಯೇ ಕಾರಣ.

ನಿಯಮಗಳು ಮತ್ತು ಪರ್ಯಾಯ

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಿಬಿರದಲ್ಲಿ ಅನುಚಿತ ಸದ್ದು ನಿಷಿದ್ಧ; ಹಲವು ಶಿಬಿರತಾಣಗಳು ಜನರೇಟರ್‌ಗೆ ಇನ್ನೂ ಕಡಿಮೆ ಸಮಯ ನೀಡುತ್ತವೆ. ಹೀಗಾಗಿ ಹಗಲಿನಲ್ಲಿ ಬ್ಯಾಟರಿ ತುಂಬಿಸಿಕೊಂಡು ರಾತ್ರಿ ಅದನ್ನೇ ಬಳಸುವುದು ಹೆಚ್ಚು ಸೂಕ್ತ. 12 ವೋಲ್ಟ್, 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1.2 ಯೂನಿಟ್ ವಿದ್ಯುತ್ ಇರುತ್ತದೆ. ದೀಪ, ಹೀಟರಿನ ಫ್ಯಾನ್, ಫೋನುಗಳಿಗೆ ಇದು ಒಂದು ರಾತ್ರಿಗೆ ಸಾಕು. ಬಿಡುವಿಲ್ಲದೆ ನಡೆಯುವ 1,300 ವ್ಯಾಟ್ ಹವಾನಿಯಂತ್ರಕಕ್ಕೆ ಒಂದು ಗಂಟೆಗೂ ಸಾಲದು. ಬೇಸಿಗೆಯಲ್ಲಿ ಜನರೇಟರ್‌ನ ಮೋಹ ಬಿಡದಿರುವುದು ಇದರಿಂದಲೇ.

ಪ್ರಥಮ ಚಿಕಿತ್ಸೆ

ಸೂಚಕ ಕೂಗಿದರೆ ಅಥವಾ ಒಟ್ಟಿಗಿರುವ ಹಲವರಿಗೆ ಏಕಕಾಲದಲ್ಲಿ ತಲೆನೋವು ಬಂದರೆ ಎಲ್ಲರೂ ಕೂಡಲೇ ಹೊರಗಿನ ಗಾಳಿಗೆ ಬಂದು ತುರ್ತು ಸೇವೆಗೆ ಕರೆ ಮಾಡಬೇಕು; ಭಾರತದಲ್ಲಿ ಈ ಸಂಖ್ಯೆ 112, ಅಮೆರಿಕದಲ್ಲಿ 911. ಬೆರಳಿಗೆ ತೊಡಿಸುವ ಸಾಮಾನ್ಯ ಆಕ್ಸಿಮೀಟರ್ ಕಾರ್ಬನ್ ಮಾನಾಕ್ಸೈಡ್ ಸೇರಿದ ಹಿಮೋಗ್ಲೋಬಿನ್ ಅನ್ನು ಆಮ್ಲಜನಕ ಸೇರಿದುದೆಂದೇ ಎಣಿಸುವುದರಿಂದ ಅದು ತೋರಿಸುವ ಉತ್ತಮ ಅಂಕಿಯನ್ನು ನೆಚ್ಚಬಾರದು. ಸಾಮಾನ್ಯ ಗಾಳಿಯಲ್ಲಿ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು 4ರಿಂದ 6 ಗಂಟೆ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ನೀಡಿದರೆ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು.